ಮಾಜಿ ಕೆರೆಯ ಒಂದು ಬುಟ್ಟಿ ಮಣ್ಣು

ಬೆಣಚಮಟ್ಟಿಯಲ್ಲಿ ಬಸ್ಸಿಳಿದವರಿಗೆ ಮೊದಲು ಕಾಣುವುದು ಕೆರೆಯ ಏರಿ. ಏರಿಯ ತಲೆಯ ಮೇಲೆ ಉದ್ದಕ್ಕೂ ಕಲ್ಲು ಹಾಸಿದೆ. ನಡುವೆ ಒಂದು ಬುಟ್ಟಿಯ ಅಗಲದಷ್ಟು ಜಾಗದಲ್ಲಿ ಮಾತ್ರ ಕಲ್ಲಿಲ್ಲ. ಬರಿಯ ಮಣ್ಣು, ಅದರ ಮೇಲೆ ಗರಿಕೆ. ಇಲಾಖೆಯ ಫಲಕದಲ್ಲಿ ಕೆರೆಗೆ ಬೇರೆ ಹೆಸರಿದೆ. ಊರಿನಲ್ಲಿ ಯಾರನ್ನೇ ಕೇಳಿ, ಮಾಜಿ ಕೆರೆ ಎನ್ನುತ್ತಾರೆ. ಈ ಹೆಸರಿನ ಕಥೆ ಯಾವ ಪುಸ್ತಕದಲ್ಲೂ ಇಲ್ಲವೆಂದು ಓದಿದವರೊಬ್ಬರು ನನಗೆ ಹೇಳಿದರು. ಪುಸ್ತಕಗಳನ್ನು ನಾನೂ ಓದಿದ್ದೇನೆ, ಯಾರೂ ಕಲಿಸದೆ ಓದಿದ್ದೇನೆ. ಇಲ್ಲದಿದ್ದರೆ ಬರೆಯಬೇಕು, ಅಷ್ಟೆ.

ಹಿಂದೆ ಒಮ್ಮೆ, ನಮ್ಮ ಅಜ್ಜಿಯರು ಪ್ರಾಯದಲ್ಲಿದ್ದಾಗ, ಮಳೆಗಾಲದಲ್ಲಿ ಈ ಏರಿ ಒಡೆಯಿತಂತೆ. ಕೆಳಗೆ ಸಂಕವ್ವನೆಂಬ ವಿಧವೆಗೆ ಎರಡೆಕರೆ ಹೊಲವಿತ್ತು. ಒಂದೆಕರೆ ಮರಳಿನ ಪಾಲಾಯಿತು. ಮುಂದಿನ ಮಳೆಯೊಳಗೆ ಏರಿ ಕಟ್ಟದಿದ್ದರೆ ಉಳಿದದ್ದೂ ಹೋಗುವುದಿತ್ತು. ಕೆರೆಗೆಲಸಕ್ಕೆ ಇಲ್ಲಿ ಒಂದು ಕಟ್ಟಳೆಯುಂಟು. ಊರವರು ಯಾರಿಗೆ ವೀಳ್ಯ ಕೊಡುತ್ತಾರೋ ಅವರೇ ಮೊದಲ ಬುಟ್ಟಿ ಮಣ್ಣು ಹಾಕಬೇಕು. ಅದು ಬೀಳುವವರೆಗೆ ಬೇರೆ ಯಾರೂ ಸಲಿಕೆ ಮುಟ್ಟುವಂತಿಲ್ಲ. ಆ ಬೇಸಿಗೆಗೆ ಚುನಾವಣೆ ಬಂತು. ಆಗ ದೇಶದ ಪ್ರಧಾನಿಯಾಗಿದ್ದ ಹರಿಶರಣ ಬಾಬು ಮತ ಕೇಳುತ್ತ ಈ ದಾರಿಯಲ್ಲಿ ಬಂದರು. ಹಿಗ್ಗಿದ ಹಿರಿಯರು ಅವರ ಕೈಗೇ ವೀಳ್ಯ ಕೊಟ್ಟುಬಿಟ್ಟರು. ಬಾಬು ಅದನ್ನು ಬರಿಯ ಉಪಚಾರವೆಂದು ತಿಳಿದು ಎಲೆಯನ್ನು ಬಾಯಿಗೆ ಹಾಕಿಕೊಂಡರು. ಅದರ ಅರ್ಥ ಹೇಳಿದಾಗ ಅಗಿಯುವುದನ್ನು ಕ್ಷಣ ನಿಲ್ಲಿಸಿ, "ಬರುತ್ತೇನೆ" ಎಂದರಂತೆ.

ಅವರು ಆಳಿದ್ದು ಹನ್ನೊಂದೇ ತಿಂಗಳು. ಮಾತು ಒರಟು, ಭಾಷಣ ನೀರಸ. ಜೊತೆಯ ಪಕ್ಷದವರು ಕೇಳಿದ ಖಾತೆ ಕೊಡಲಾರೆನೆಂದು ಹಠ ಹಿಡಿದು ಸರ್ಕಾರವನ್ನೇ ಬೀಳಿಸಿಕೊಂಡವರು. ಆ ಹಠವನ್ನು ತಪ್ಪೆನ್ನುವವರಿದ್ದಾರೆ, ನಾನು ಎನ್ನಲಾರೆ. ಚುನಾವಣೆಯಲ್ಲಿ ಅವರು ಸೋತರು, ಇಲ್ಲಿ ಕೆಲಸ ನಿಂತಿತು. ಒಬ್ಬರಿಗೆ ಕೊಟ್ಟ ವೀಳ್ಯವನ್ನು ಇನ್ನೊಬ್ಬರಿಗೆ ಕೊಡಲು ಯಾರಿಗೂ ಧೈರ್ಯವಿಲ್ಲ. ಆಗ ಸಂಕವ್ವ ಊರಗೌಡರ ಕಟ್ಟೆಗೆ ಬಂದು ನಿಂತಳು.

"ದಿಲ್ಲಿಯವರಿಗೆ ವೀಳ್ಯ ಕೊಟ್ಟು ಕೆರಿಗೆ ಕೀಲಿ ಹಾಕಿದ್ರೆಲ್ಲ ಗೌಡ್ರ, ಕೀಲಿಕೈ ಈಗ ಯಾರ ಕಡೆ ಐತಿ?"

"ಅವ್ರು ಸೋತಾರ ಯವ್ವಾ. ಸೋತ ಮನಶ್ಯಾ ಇಲ್ಲಿಗ್ಯಾಕ ಬರ್ತಾನ?"

"ಹೋಗಿದ್ದು ಖುರ್ಚಿ. ಎಲಿ ತಿಂದ ಬಾಯಿ ಅಲ್ಲೇ ಐತಲ್ಲ?"

ಆ ಮಾತನ್ನೇ ಅಂಚೆ ಕಾರ್ಡಿನಲ್ಲಿ ಬರೆಸಿ ದಿಲ್ಲಿಗೆ ಹಾಕಿಸಿದಳು.

ಮೃಗಶಿರ ಮಳೆಗೆ ಹತ್ತು ದಿನವಿರುವಾಗ ಮಧ್ಯಾಹ್ನದ ಬಸ್ಸಿನಿಂದ ಉದ್ದನೆಯ ಮುದುಕರೊಬ್ಬರು ಚೀಲ ಹಿಡಿದು ಇಳಿದರು. ಕಾರಿಲ್ಲ, ಪೊಲೀಸರಿಲ್ಲ, ಭಾಷೆ ತಿಳಿಸಲು ಜೊತೆಗೆ ಒಬ್ಬ ವಕೀಲರು. "ಯಾರ ಮನಿಗೆ ಬಂದೀರಿ ಅಜ್ಜಾರ?" ಎಂದು ಚಹಾದಂಗಡಿಯವನು ಕೇಳಿದ. "ಇವರು ಮಾಜಿ ಪ್ರಧಾನಿ" ಎಂದರು ವಕೀಲರು. ಅಂದಿನಿಂದ ಊರಿಗೆಲ್ಲ ಅವರು ಮಾಜಿಯವರು. ವಯಸ್ಸು ನೋಡಿ ಗೌಡರು ಬುಟ್ಟಿಗೆ ಎರಡೇ ಬೊಗಸೆ ಮಣ್ಣು ಹಾಕಿಸಿದರು. ಸಂಕವ್ವ ಸುಮ್ಮನಿರಲಿಲ್ಲ.

"ಅಷ್ಟು ದೂರದಿಂದ ಬಂದಾರ, ಪೂರಾ ತುಂಬ್ರಿ."

ವಕೀಲರು ಅಳುಕುತ್ತ ಅದನ್ನು ತಿಳಿಸಿದರು. ಮಾಜಿಯವರು ನಕ್ಕು ತಾವೇ ಸಲಿಕೆ ಹಿಡಿದು ತುಂಬಿಕೊಂಡರು. ತಲೆಯ ಮೇಲೆ ಹೊತ್ತು ಏರಿ ಹತ್ತುವಾಗ ಎರಡು ಸಲ ನಿಂತರು. ಯಾರ ಕೈಗೂ ಕೊಡಲಿಲ್ಲ. ಮಣ್ಣು ಸುರಿದು, ಬೆವರು ಒರೆಸಿಕೊಂಡು, ಇನ್ನೆಷ್ಟು ಬುಟ್ಟಿ ಎಂದು ವಕೀಲರಿಂದ ಕೇಳಿಸಿದರು. "ನಿಮ್ಮದು ಒಂದ. ಉಳಿದದ್ದು ನಮ್ಮದು" ಎಂದಳು ಸಂಕವ್ವ. ಮಳೆ ಬರುವವರೆಗೂ ಊರಿಗೆ ಊರೇ ಹಗಲಿಡೀ ಮಣ್ಣು ಹೊತ್ತಿತು. ಮೃಗಶಿರ ಸುರಿಯಿತು, ಏರಿ ನಿಂತಿತು, ಸಂಕವ್ವ ತನ್ನ ಒಂದೆಕರೆಯಲ್ಲಿ ಜೋಳ ಬೆಳೆದಳು.

ಅವರು ತಂದ ಕಾನೂನುಗಳನ್ನು ಆಮೇಲೆ ಬಂದವರು ತೆಗೆದುಹಾಕಿದರಂತೆ. ಬೆಣಚಮಟ್ಟಿಯಲ್ಲಿ ಒಂದು ಉಳಿದಿದೆ: ಹೂಳೆತ್ತುವ ವರ್ಷ ವೀಳ್ಯ ಹೋಗುವುದು ಚುನಾವಣೆಯಲ್ಲಿ ಸೋತವರಿಗೆ, ಪಂಚಾಯಿತಿಯದಾದರೂ ಸರಿ. ಗೆದ್ದವರಿಗೆ ಹಾರಗಳಿರುತ್ತವೆ. ಮುಂದೆ ಗುತ್ತಿಗೆದಾರ ಕಲ್ಲು ಹಾಸಲು ಬಂದಾಗ ಹೆಂಗಸರು ಆ ಒಂದು ಬುಟ್ಟಿ ಜಾಗದ ಸುತ್ತ ಕುಳಿತುಬಿಟ್ಟರು. ಅವನು ಅದನ್ನು ಬಿಟ್ಟು ಹಾಸಿದ. ಇಂದಿಗೂ ಏರಿಯ ಮೇಲೆ ನಡೆಯುವವರು ಅಲ್ಲಿಗೆ ಬಂದಾಗ ಒಂದು ಹೆಜ್ಜೆ ಬದಿಗೆ ಸರಿಯುತ್ತಾರೆ. ಮಂತ್ರಿಗಳು ಬಂದರೂ ಸರಿಯಬೇಕು. ಸರಿಯದಿದ್ದರೆ ಹೇಳಲು ನಾನಿದ್ದೇನೆ.