ಊಟ ಆಯ್ತಾ ಅಣ್ಣಾ?

ಆಫೀಸಿನ ಗೇಟಿನ ಮುಂದಿದ್ದ ಟ್ಯಾಕ್ಸಿ ಸ್ಟ್ಯಾಂಡನ್ನು ಹಟ ಹಿಡಿದು ಎತ್ತಿಸಿದವರು ನಮ್ಮ ಸಾಹೇಬರೇ. “ಈಗ ಫೋನಿನ ಮೇಲೆ ಬೆರಳು ಒತ್ತಿದರೆ ಕಾರು!” ಅಂದಿದ್ದರು.

ಮಗಳ ನಿಶ್ಚಿತಾರ್ಥದ ದಿನ ಬೆರಳು ಒತ್ತಿದರು. ಡ್ರೈವರ್ ಫೋನ್ ಮಾಡಿ “ಎಲ್ಲಿಗೆ ಸಾರ್?” ಅಂದ.

“ಅದನ್ನ ಕೇಳೋಕೆ ನೀನ್ಯಾರು?” ಅಂತ ಗದರಿದರು. ಕ್ಯಾನ್ಸಲ್! ಎರಡನೆಯವನೂ ಹಾಗೇ.

ಸಾಹೇಬರು ಫೋನನ್ನು ಜವಾನನ ಕೈಗೆ ತುರುಕಿದರು. “ಕಾರು ಬರದಿದ್ರೆ ನಾಳೆಯಿಂದ ನೀನೂ ಬರಬೇಡ!”

ಮೂರನೆಯವನ ಫೋನ್ ಬಂತು. ಜವಾನ ಕೇಳಿದ, “ಅಣ್ಣಾ, ಊಟ ಆಯ್ತಾ?”

ಆ ಕಡೆಯವನು ಅಂದ, “ಇಲ್ಲಣ್ಣ.”

“ಬಾ, ನನ್ನ ಬುತ್ತಿ ಇದೆ. ಮುದ್ದೆ, ಬಸ್ಸಾರು.”

ಕಾರು ಬಂದೇಬಿಟ್ಟಿತು! ಹತ್ತಿ ಕೂತ ಸಾಹೇಬರ ಬೆರಳು ಮೂಗಿನ ಮೇಲೆ ಹೋಯಿತು. “ಇದನ್ನೆಲ್ಲಿ ಕಲಿತೆಯಯ್ಯಾ?”

“ನೀವು ಎತ್ತಿಸಿದ ಸ್ಟ್ಯಾಂಡಲ್ಲಿ ಸಾರ್,” ಅಂದ ಜವಾನ, ಬುತ್ತಿಯನ್ನು ಅವರ ತೊಡೆಯ ಮೇಲಿಟ್ಟ. “ಸಾರು ಚೆಲ್ಲದ ಹಾಗೆ ಹಿಡ್ಕೊಳ್ಳಿ.”