ಕೀಬೋರ್ಡಿನಲ್ಲಿ ನುಡಿದ ಶಹನಾಯಿ

ಗಜೇಂದ್ರಗಡದಲ್ಲಿ ಫಕೀರಪ್ಪ ಭಜಂತ್ರಿ ಎಂಬ ಶಹನಾಯಿ ವಾದಕನಿದ್ದ. ಸುತ್ತಲಿನ ಊರುಗಳ ಮದುವೆಗಳಲ್ಲಿ ಅವನ ಶಹನಾಯಿ ನುಡಿಯದೆ ವಧೂವರರ ಮೇಲೆ ಅಕ್ಕಿಕಾಳು ಬೀಳುತ್ತಿರಲಿಲ್ಲ.

ಹರೆಯದಲ್ಲಿ ಅವನಿಗೆ ಎದೆಯ ಬೇನೆ ಬಂದಿತ್ತು. ಗುಣವಾಗಿ ಎದ್ದ ಮೇಲೂ ಉಸಿರು ಮೊದಲಿನಷ್ಟು ಉದ್ದ ಬರಲಿಲ್ಲ. ಅದಕ್ಕೇ ಗಾಂಧಾರ ಸ್ವರವನ್ನು ಮುಟ್ಟುವ ಮೊದಲು ಅವನು ಒಂದು ಎಳೆಯಷ್ಟು ನಿಲ್ಲುತ್ತಿದ್ದ. ಬೇರೆಯವರಾಗಿದ್ದರೆ ಅದು ಕೊರತೆ ಎನಿಸಿಕೊಳ್ಳುತ್ತಿತ್ತು. ಫಕೀರಪ್ಪ ಅದನ್ನೇ ಚಂದ ಮಾಡಿಕೊಂಡ. ಅವನು ನಿಂತಾಗ ಕೇಳುವವರೂ ಉಸಿರು ಬಿಗಿಹಿಡಿಯುತ್ತಿದ್ದರು. ದೂರದಿಂದ ಕೇಳಿಸಿದರೂ ಸಾಕು, "ಇದು ನಮ್ಮ ಫಕೀರಪ್ಪಂದ" ಎಂದು ಗುರುತು ಹಿಡಿಯುತ್ತಿದ್ದರು.

ಅವನಿಗೆ ಮಕ್ಕಳಿರಲಿಲ್ಲ. ತಮ್ಮನ ಮಗಳು ಕಸ್ತೂರಿಗೆ ವಿದ್ಯೆ ಹೇಳಿಕೊಟ್ಟ. ಹೆಣ್ಣುಹುಡುಗಿ ಶಹನಾಯಿ ಊದಿದರೆ ಕಂಡವರು ಏನೆಂದಾರು ಎಂದು ಓಣಿಯ ಹಿರಿಯರು ತಕರಾರು ತೆಗೆದರು.

"ಕಂಡವ್ರು ಕಣ್ಣು ಮುಚ್ಚಿ ಕೇಳ್ಲಿ," ಎಂದ ಫಕೀರಪ್ಪ. ಕಸ್ತೂರಿ ಕಲಿತಳು. ನಸುಕಿನಲ್ಲಿ ಎದ್ದು, ದೊಡ್ಡಪ್ಪನ ಮುಂದೆ ಕೂತು, ಒಂದೊಂದು ಸ್ವರವನ್ನೂ ಪಾತ್ರೆ ತಿಕ್ಕಿದಂತೆ ತಿಕ್ಕಿ ತಿಕ್ಕಿ ಕಲಿತಳು.

ಆದರೆ ಕಾಲ ಬದಲಾಯಿತು. ಮದುವೆಯ ಮೆರವಣಿಗೆಗೆ ಡಿಜೆ ಗಾಡಿಗಳು ಬಂದವು. ಸಿನಿಮಾ ಹಾಡುಗಳಲ್ಲಿ ತಬಲಾ ಹೋಗಿ ಯಂತ್ರದ ತಾಳ ಬಂತು, ಕೊಳಲು ಪಿಟೀಲುಗಳೂ ಯಂತ್ರದೊಳಗೆ ಸೇರಿಕೊಂಡವು. ಮಂದಿ ಅದನ್ನೇ ಮೆಚ್ಚಿ, ಅದಕ್ಕೇ ಕುಣಿದರು. ಫಕೀರಪ್ಪನನ್ನು ಕರೆಯುವವರು ಕಡಿಮೆಯಾದರು. ಕಸ್ತೂರಿಯನ್ನಂತೂ ಯಾರೂ ಕರೆಯಲಿಲ್ಲ. ಕಡೆಗೆ ಅವಳು ಹುಬ್ಬಳ್ಳಿಯ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೀಬೋರ್ಡ್ ನುಡಿಸುವ ಕೆಲಸ ಹಿಡಿದಳು.

ಒಂದು ಹಬ್ಬಕ್ಕೆ ಬರುವಾಗ ಅವಳು ಆ ಕೀಬೋರ್ಡನ್ನೂ ಊರಿಗೆ ತಂದಳು. ಬಲು ಹುರುಪಿನಿಂದ ದೊಡ್ಡಪ್ಪನ ಪಡಸಾಲೆಯಲ್ಲಿ ಇಟ್ಟು, "ಇದರಾಗ ಶಹನಾಯಿನೂ ಐತಿ ದೊಡ್ಡಪ್ಪಾ, ಕೇಳಿಲ್ಲೆ," ಎಂದು ನುಡಿಸಿದಳು.

ಫಕೀರಪ್ಪ ಪೂರ್ತಿ ಕೇಳಿದ. ಆಮೇಲೆ, "ದನಿ ಐತಿ, ಜೀವ ಇಲ್ಲ. ಬಟನ್ ಒತ್ತಿದ್ರ ಬರೂದು ನಾದ ಅಲ್ಲ. ಈ ಪೆಟಗಿ ಹಿಡಿದು ನನ್ನ ಹೊಸ್ತಿಲಾ ತುಳೀಬ್ಯಾಡ," ಎಂದ.

ಕಸ್ತೂರಿ ಕೀಬೋರ್ಡಿಗೆ ಬಟ್ಟೆ ಸುತ್ತಿಕೊಂಡು ಎದುರುಮನೆಗೆ, ತನ್ನ ತಾಯಿಯ ಹತ್ತಿರ, ಹೋದಳು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು.

ಒಂದೆರಡು ವರ್ಷ ಕಳೆಯಿತು. ಆ ಬೇಸಿಗೆಯಲ್ಲಿ ಒಂದು ಸಿನಿಮಾ ಹಾಡು ಎಲ್ಲರ ಬಾಯಲ್ಲೂ ಕುಣಿಯತೊಡಗಿತು. ಮದುವಣಗಿತ್ತಿ ತವರು ಬಿಟ್ಟು ಹೊರಡುವ ಹಾಡು. ಕೆಳಗೆ ಯಂತ್ರದ ತಾಳ ಗುಡುಗುಡು ಎನ್ನುತ್ತದೆ. ಅದರ ಮೇಲೆ ಶಹನಾಯಿ ಏಳುತ್ತದೆ. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಹುಡುಗರ ಫೋನಿನಲ್ಲಿ ಅದೇ ಹಾಡು.

ಸಂತೆಗೆ ಹೋದ ಫಕೀರಪ್ಪನನ್ನು ಮಂದಿ ತಡೆದು ನಿಲ್ಲಿಸಿದರು. "ಸಿನಿಮಾಕ್ಕ ನುಡಿಸಿ ಬಂದಿ, ಒಂದ ಮಾತು ಹೇಳ್ಲಿಲ್ಲ ನೀ."

"ನಾ ಎಲ್ಲೂ ಹೋಗಿಲ್ಲಪಾ," ಎಂದ ಫಕೀರಪ್ಪ. ಯಾರೂ ನಂಬಲಿಲ್ಲ. ಚಹಾದಂಗಡಿಯವನು ಫೋನಿನಲ್ಲಿ ಹಾಡು ಹಚ್ಚಿ ಅವನ ಕಿವಿಯ ಹತ್ತಿರ ಹಿಡಿದ.

ಶಹನಾಯಿ ಮೇಲೇರಿತು, ಗಾಂಧಾರದ ಹೊಸ್ತಿಲಿಗೆ ಬಂತು. ಅಲ್ಲಿ ಒಂದು ಎಳೆಯಷ್ಟು ನಿಂತಿತು. ಆಮೇಲೆ ಮೆಲ್ಲಗೆ ಒಳಗೆ ಹೆಜ್ಜೆ ಇಟ್ಟಿತು.

ಫಕೀರಪ್ಪ ಬೆಂಚಿನ ಮೇಲೆ ಕೂತ. ಅಂದು ಪಡಸಾಲೆಯಲ್ಲಿ ಕೇಳಿದ ಯಂತ್ರದ ದನಿಯೇ ಅದು. ಯಂತ್ರಕ್ಕೆ ಉಸಿರು ಕಟ್ಟುವುದಿಲ್ಲ, ಅದಕ್ಕೆ ನಿಲ್ಲುವ ಹಂಗಿಲ್ಲ. ಆದರೂ ಯಾರೋ ಅದನ್ನು ಅಲ್ಲಿ ನಿಲ್ಲಿಸಿದ್ದರು. ಅವನು ಹಾಗೆ ನಿಲ್ಲುವುದನ್ನು ಅಷ್ಟು ಹತ್ತಿರದಿಂದ ಕೇಳಿದ್ದ ಜೀವ ಈ ಲೋಕದಲ್ಲಿ ಒಂದೇ ಒಂದು.

ಅವನು ಸಂತೆ ಮಾಡದೆ ಮನೆಗೆ ಬಂದ. 

ವಾರದೊಳಗೆ ಇಳಕಲ್ಲಿನಿಂದ ಸೀರೆ ವ್ಯಾಪಾರಿ ಮಹಾಂತಪ್ಪ ಅವನ ಮನೆ ಹುಡುಕಿಕೊಂಡು ಬಂದ. "ನಮ್ಮ ಮಗಳ ಮದುವಿ ಐತ್ರಿ. ಆ ಹಾಡಿನಾಗ ನುಡಿಸಿದವ್ರ ನಮ್ಮ ಹಂದರದಾಗ ನುಡಿಸಬೇಕಂತ ಆಕಿ ಹಟ ಹಿಡಿದಾಳ. ಕೇಳಿದವ್ರೆಲ್ಲಾ ನಿಮ್ಮ ಹೆಸರು ಹೇಳಿದ್ರು."

ಫಕೀರಪ್ಪನ ಹೆಂಡತಿ ಸಾವಂತ್ರೆವ್ವ ಅಡುಗೆಮನೆಯಿಂದ ಇಣುಕಿದಳು. ಆ ಹಂಗಾಮಿನಲ್ಲಿ ಒಂದು ಮದುವೆಯ ಕರೆಯೂ ಅವರ ಮನೆಗೆ ಬಂದಿರಲಿಲ್ಲ. ಹೌದು ಎಂದಿದ್ದರೆ ಸಾಕಿತ್ತು. ನುಡಿಸಲು ಫಕೀರಪ್ಪನಿಗೆ ಬಾರದ್ದೇನಲ್ಲ. ವ್ಯಾಪಾರಿಗೆ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ.

ಫಕೀರಪ್ಪ ಹೇಳಿದ: "ಅದು ನಾನಲ್ರಿ. ನನ್ನ ತಮ್ಮನ ಮಗಳು. ಕಸ್ತೂರಿ ಅಂತ. ಅದು ಶಹನಾಯಿನೂ ಅಲ್ಲ, ಕೀಬೋರ್ಡು. ಎದುರುಮನಿಯಾಗ ಆಕಿ ತಾಯಿ ಅದಾಳ, ಫೋನ್ ನಂಬರ್ ಕೊಡ್ತಾಳ."

ಮಹಾಂತಪ್ಪ ಅಚ್ಚರಿಯಿಂದ ಅವನ ಮುಖ ನೋಡಿದ. ಆಮೇಲೆ, "ಕೀಬೋರ್ಡ್ ಆದ್ರ ಏನಾತು ಬಿಡ್ರಿ, ನಮಗ ಬೇಕಾದದ್ದು ಆ ದನಿ," ಎಂದು ಎದುರುಮನೆಗೆ ಹೋದ.

"ಕೈಗೆ ಬಂದದ್ದು ಬಾಯಿಗೆ ಬರದಂಗ ಮಾಡ್ಕೊಂಡ್ರಿ," ಎಂದಳು ಸಾವಂತ್ರೆವ್ವ. "ಹೌದಂದಿದ್ರ ಏನ್ ಹೋಗ್ತಿತ್ತು?"

"ಆಕಿ ಗಳಿಸಿದ್ದು ಆಕಿಗೆ ಸೇರಬೇಕು," ಎಂದ ಫಕೀರಪ್ಪ. "ಗುರು ಆದವ ಕೊಡಬೇಕು, ಕಸೀಬಾರದು."

ಎರಡು ದಿನ ಬಿಟ್ಟು ಕಸ್ತೂರಿ ಊರಿಗೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಹೊಸ್ತಿಲಾಚೆಗೇ ನಿಂತು, "ದೊಡ್ಡಪ್ಪಾ, ಮದುವಿಗಿ ಬಾ. ಬೈಯಾಕಾದ್ರೂ ಬಾ. ನೀ ಕೇಳದಿದ್ರ ನಾ ಸರಿ ನುಡಿಸೀನೋ ತಪ್ಪು ನುಡಿಸೀನೋ ನನಗ ಗೊತ್ತಾಗೂದಿಲ್ಲ," ಎಂದಳು. 

ಮದುವೆಯ ದಿನ ಫಕೀರಪ್ಪ ಮಡಿ ಧೋತರ ಉಟ್ಟು, ರುಮಾಲು ಸುತ್ತಿ ಇಳಕಲ್ಲಿನ ಬಸ್ಸು ಹತ್ತಿದ. ಶಹನಾಯಿ ಇಲ್ಲದೆ ಅವನು ಮದುವೆಯ ಹಂದರ ಹೊಕ್ಕದ್ದು ಅದೇ ಮೊದಲು. ಎರಡೂ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಕೂತ.

ಕಸ್ತೂರಿ ನುಡಿಸತೊಡಗಿದಳು. ಅವಳ ಬಲಗೈ ಕೀಬೋರ್ಡಿನ ಗುಂಡಿಗಳ ಮೇಲೆ ಓಡುತ್ತಿತ್ತು. ಎಡಗೈ ಹೆಬ್ಬೆರಳು ಬದಿಯ ಒಂದು ಪುಟ್ಟ ಗಾಲಿಯ ಮೇಲಿತ್ತು. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸ್ವರ ಜಾರುತ್ತಿತ್ತು, ಬಾಗುತ್ತಿತ್ತು. ತುಟಿ ಮತ್ತು ಉಸಿರಿನಿಂದ ತಾನು ಮಾಡುವುದನ್ನೆಲ್ಲ ಈ ಹುಡುಗಿ ಒಂದು ಹೆಬ್ಬೆರಳಿಗೆ ಕಲಿಸಿದ್ದಾಳೆ ಎಂಬುದು ಫಕೀರಪ್ಪನಿಗೆ ಆಗ ಕಂಡಿತು. ಅಂದು ಜೀವ ಇಲ್ಲ ಎಂದಿದ್ದನಲ್ಲ, ಆ ಮಾತನ್ನು ಅವಳು ಬೈಗುಳವಾಗಿ ತೆಗೆದುಕೊಂಡಿರಲಿಲ್ಲ, ಪಾಠವಾಗಿ ತೆಗೆದುಕೊಂಡಿದ್ದಳು. 

ಪಕ್ಕದಲ್ಲಿ ಅವನ ಹಳೆಯ ಪರಿಚಯದ ಗೌಡರೊಬ್ಬರು ಕೂತಿದ್ದರು. "ನಿಮ್ಮ ಮನಿತನದ ವಿದ್ಯಾ ಮುಗೀತಲ್ಲೋ ಫಕೀರಪ್ಪ," ಎಂದು ಮರುಗಿದರು. "ಇನ್ ಮ್ಯಾಲ ಯಾರ್ ಬೇಕಾದ್ರೂ ಬಟನ್ ಒತ್ತಿ ಶಹನಾಯಿ ನುಡಿಸ್ತಾರ."

ಫಕೀರಪ್ಪ ಅವರ ಕಡೆ ತಿರುಗಿದ. "ಹಂಗಾದ್ರ ನೀವ ಹೋಗಿ ಒತ್ತಿ ನೋಡ್ರಿ ಗೌಡ್ರ."

ಗೌಡರು ಕಸ್ತೂರಿಯ ಕೈಗಳ ಕಡೆ ನೋಡಿದರು.

"ನಾನೂ ಒಂದ್ ಕಾಲಕ್ಕ ಹಂಗ ಅಂದಿದ್ದೆ. ಆ ಪೆಟಗಿ ಅಂಗಡ್ಯಾಗ ಸಿಗತೈತಿ, ಯಾರ್ ಬೇಕಾದ್ರೂ ತರಬಹುದು. ಆ ಕೈ ಎಲ್ಲೂ ಸಿಗೂದಿಲ್ಲ. ಅದು ನಸುಕಿನ್ಯಾಗ ನನ್ನ ಮುಂದ ಕುಂತು ಪಳಗಿದ ಕೈ. ಆಕಿ ನನ್ನ ಶಿಷ್ಯಾ." ಇಷ್ಟು ಹೇಳುವಾಗ ಅವನ ದನಿ ಮುಂದಿನ ಸಾಲಿನವರಿಗೂ ಕೇಳಿಸಿತು. ನಾಲ್ಕಾರು ಮಂದಿ ಹಿಂತಿರುಗಿ ನೋಡಿದರು. ಫಕೀರಪ್ಪ ರುಮಾಲು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತ.

ಅಕ್ಕಿಕಾಳು ಬಿದ್ದವು. ಮಂದಿ ಊಟಕ್ಕೆ ಎದ್ದರು. ಕಸ್ತೂರಿ ವೇದಿಕೆ ಇಳಿದು ಬಂದು ಅವನ ಕಾಲು ಮುಟ್ಟಿದಳು. 

ಫಕೀರಪ್ಪ ಅವಳ ತಲೆಯ ಮೇಲೆ ಕೈ ಇಟ್ಟ. "ಇಳಿಯೂಮುಂದ ನಿಷಾದ ಸ್ವರ ಇನ್ನೂ ಹಸಿ ಐತಿ," ಎಂದ. "ನಾಳಿ ನಸುಕಿನ್ಯಾಗ ಬಾ, ಕುಂತು ತಿದ್ದೂಣು. ಬರೂಮುಂದ ಆ ಪೆಟಗೀನೂ ತಗೊಂಡು ಬಾ."

ನೀತಿ: ವಾದ್ಯ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಆದರೆ ಅದನ್ನು ನುಡಿಸುವ ಕೈಯ ಹಿಂದಿನ ಸಾಧನೆಗೆ ಬದಲಿ ಇಲ್ಲ. ತನ್ನ ವಾದ್ಯವೊಂದೇ ವಾದ್ಯ ಎನ್ನುವುದು ಹಮ್ಮು. ತಾನು ಕಲಿಸಿದ ವಿದ್ಯೆ ಹೊಸ ವಾದ್ಯದಲ್ಲಿ ಕೇಳಿಬಂದಾಗ ನಾಲ್ಕು ಜನರ ಮುಂದೆ "ಇವಳು ನಮ್ಮವಳು" ಎನ್ನುವುದು ಹೆಮ್ಮೆ.