ಯಾರಕೂಸಿನ ದಿಬ್ಬ

ಸುಂಕನಾಳದ ಪಡುವಣಕ್ಕೆ, ಎರೆಹೊಲಗಳ ನಡುವೆ, ಬೋಳು ದಿಬ್ಬವೊಂದಿದೆ. ಅದರ ಹೆಸರು ಯಾರಕೂಸಿನ ದಿಬ್ಬ. ಹೊಸಬರು ಹೆಸರು ಕೇಳಿ ನಗುತ್ತಾರೆ, ಊರಿನವರು ನಗುವುದಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಊರಿನ ಪ್ರಾಯದ ಗಂಡಸರನ್ನೆಲ್ಲ ದಂಡಿಗೆ ಹಿಡಿದೊಯ್ದಿದ್ದರು ಎನ್ನುತ್ತಾರೆ. ವರ್ಷಗಟ್ಟಲೆ ಊರಲ್ಲಿ ತೊಟ್ಟಿಲು ತೂಗಲಿಲ್ಲ. ಕಾಳಗ ಮುಗಿದು, ಬದುಕಿ ಉಳಿದವರೆಲ್ಲ ಒಂದೇ ಬೇಸಗೆಯಲ್ಲಿ ಮರಳಿದರು. ಮುಂಗಾರು ಕಳೆಯುವಷ್ಟರಲ್ಲಿ ಊರಿಗೆ ಊರೇ ಬಸುರಿ. ಸೂಲಗಿತ್ತಿ ನಿಂಬವ್ವ ಒಂದು ಮನೆಯಲ್ಲಿ ಹೊಕ್ಕುಳಬಳ್ಳಿ ಕೊಯ್ಯುವಾಗಲೇ ಪಕ್ಕದ ಮನೆಯಿಂದ ಕೂಗು ಬರುತ್ತಿತ್ತು. "ನಾ ಒಬ್ಬಾಕಿ, ಊರ ತುಂಬ ಹೆರಿಗಿ! ಇಂಥಾದ್ದು ನಮ್ಮವ್ವನೂ ಕಂಡಿಲ್ಲ" ಎಂದು ಆಕೆ ಗಾಬರಿಬಿದ್ದಳಂತೆ. ಇಷ್ಟೊಂದು ಬಾಯಿಗೆ ಕಾಳೆಲ್ಲಿ ಎಂದು ಮುದುಕರು ಬೆಚ್ಚಿದರು. ಅಷ್ಟರಲ್ಲಿ ಬಿಳಿಜೋಳ ಕೊಯ್ಲಿಗೆ ಬಂತು. ಹಸಿಬಾಣಂತಿಯರೂ ಕುಡುಗೋಲು ಹಿಡಿಯಲೇಬೇಕಾಯಿತು. ದಿಬ್ಬದ ಮೇಲೆ ಆಗ ಹುಣಸೆಯ ತೋಪಿತ್ತು. ಕೊಂಬೆಕೊಂಬೆಗೂ ಸೀರೆಯ ಜೋಲಿ ಕಟ್ಟಿ, ಕೂಸುಗಳನ್ನು ಮಲಗಿಸಿ, ಮುದುಕಿಯರನ್ನು ಕಾವಲಿಗೆ ಕೂರಿಸಿ ಹೊಲಕ್ಕಿಳಿದರು.

ಒಂದು ಮಧ್ಯಾಹ್ನ ಒಣಹುಲ್ಲಿಗೆ ಬೆಂಕಿ ಬಿತ್ತು. ಗಾಳಿ ದಿಬ್ಬದ ಕಡೆಗೇ ಇತ್ತು. ಹೊಗೆ ಕಂಡ ಹೆಂಗಸರು ಕುಡುಗೋಲು ಬಿಸುಟು ಓಡಿ, ಕಾವಲಿನ ಮುದುಕಿಯರೊಡನೆ ಕೈಗೆ ಸಿಕ್ಕ ಕೂಸನ್ನು ಕಿತ್ತುಕೊಂಡು ಇಳಿದರು. ಕೆಳಗೆ ಕಂಬಳಿ ಹಾಸಿ ಎಲ್ಲವನ್ನೂ ಮಲಗಿಸಿದರು. ಮಸಿ ಮೆತ್ತಿದ ಮುಖಗಳಲ್ಲಿ ತಮ್ಮ ತಮ್ಮದನ್ನು ಗುರುತಿಸಿ ಒಬ್ಬೊಬ್ಬರೇ ಎತ್ತಿಕೊಂಡರು. ಕಂಬಳಿ ಬರಿದಾಯಿತು. ಬಾಳವ್ವನೆಂಬ ಬಾಣಂತಿಗೆ ಮಾತ್ರ ಕೂಸು ಸಿಗಲಿಲ್ಲ. ಮೇಲೆ ತೋಪು ಧಗಧಗ ಉರಿಯುತ್ತಿತ್ತು.

ಅವಳು ಅಳಲಿಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು, ಬಗ್ಗಿ ನೋಡಿ, "ಇದು ಯಾರ ಕೂಸು?" ಎಂದು ಕೇಳುತ್ತ ಹೋದಳು. ಪ್ರತಿಯೊಬ್ಬರೂ ತಮ್ಮ ಕೂಸನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡರು. ಊರಗೌಡನ ಸೊಸೆ ಚನ್ನಗಂಗಿಯ ಮುಂದೆ ನಿಂತು ಅದನ್ನೇ ಕೇಳಿದಾಗ ಆ ಹುಡುಗಿ ತನ್ನ ಕೂಸನ್ನು ಬಾಳವ್ವನ ಕೈಗಿಟ್ಟಳು. "ನನಗ ಗೊತ್ತಿಲ್ಲಕ್ಕ. ಹಸದೈತಿ, ಹಾಲು ಕುಡಿಸು" ಎಂದಳು.

"ನಿನಗ ಬುದ್ಧಿ ಐತೇನ? ಅದು ನಮ್ಮ ಮನಿ ಕುಡಿ!" ಎಂದು ಗೌಡ ಚೀರಿದ. ಅವನ ಮಾತು ಮುಗಿಯುವ ಮೊದಲೇ ಪಕ್ಕದವಳು ತನ್ನ ಕೂಸನ್ನು ಕಂಬಳಿಯ ಮೇಲಿಟ್ಟಳು. ಅವಳನ್ನು ನೋಡಿ ಇನ್ನೊಬ್ಬಳು, ಮತ್ತೊಬ್ಬಳು. ಅಳುವ ಕೂಸನ್ನು ಹತ್ತಿರವಿದ್ದವಳು ಎತ್ತಿ ಎದೆಗಿಟ್ಟಳು, ಕುಲ ನೋಡಲಿಲ್ಲ. "ಇದು ನಾ ಹೆತ್ತದ್ದು" ಎಂಬ ಮಾತು ಆ ಹೆಂಗಸರ ಬಾಯಿಂದ ಸಾಯುವತನಕ ಹೊರಡಲಿಲ್ಲ ಎನ್ನುತ್ತಾರೆ.

ಸುಂಕನಾಳದವರು ಇಂದಿಗೂ ಊರೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಯಾರು ಯಾರಿಗೆ ಒಡಹುಟ್ಟಿದವರೋ ತಿಳಿಯದು. ದಿಬ್ಬದ ನೆತ್ತಿ ಹತ್ತಿದವರಿಗೆ ಗೇಣುದ್ದದ ಕಲ್ಲೊಂದು ಕಾಣುತ್ತದೆ, ಬುಡದಲ್ಲಿ ಹಾಲಿನ ಕಲೆ. ಅಲ್ಲಿ ಮಲಗಿರುವ ಕೂಸು ಯಾರದೆಂದು ಕೆಳಗೆ ಬಂದು ಯಾವ ಮನೆಯಲ್ಲಿ ಕೇಳಿದರೂ, "ನಮ್ಮ ಮನಿದು" ಎನ್ನುತ್ತಾರೆ.